ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ? ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ

2024ರ ಮಾರ್ಚ್. ಮಿಷಿಗನ್ ರಾಜ್ಯದ ಓಕ್ಲೆಂಡ್ ಕೌಂಟಿಯ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲೆ ಜ್ಯೂರಿಯ ಮುಂದೆ ನಿಂತು ಪಿಸ್ತೂಲೊಂದಕ್ಕೆ ಕೇಬಲ್ ಬೀಗ ಹಾಕಿ ತೋರಿಸಿದರು. ಅದಕ್ಕೆ ಹಿಡಿದದ್ದು ಕೆಲವೇ ಸೆಕೆಂಡು. ಅಂಥ ಬೀಗವೊಂದು ಆರೋಪಿಯಾಗಿ ಕೂತಿದ್ದ ತಂದೆಯ ಮನೆಯಲ್ಲೂ ಇತ್ತು. ಪಿಸ್ತೂಲಿನ ಜೊತೆಗೇ ಅಂಗಡಿಯಿಂದ ಬಂದದ್ದು. ಪೊಲೀಸರು ಮನೆ ಶೋಧಿಸಿದಾಗ ಅದು ಪ್ಲಾಸ್ಟಿಕ್ ಲಕೋಟೆಯಿಂದ ಹೊರಗೇ ಬಂದಿರಲಿಲ್ಲ.

ಆ ಮನೆಯ 15 ವರ್ಷದ ಹುಡುಗ 2021ರ ನವೆಂಬರ್ 30ರಂದು, ನಾಲ್ಕು ದಿನಗಳ ಹಿಂದಷ್ಟೇ ಅಪ್ಪ ಕೊಂಡುತಂದಿದ್ದ ಪಿಸ್ತೂಲನ್ನು ಚೀಲದಲ್ಲಿಟ್ಟುಕೊಂಡು ಆಕ್ಸ್‌ಫರ್ಡ್ ಹೈಸ್ಕೂಲಿಗೆ ಹೋಗಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಏಳು ಮಂದಿ ಗಾಯಗೊಂಡರು. ಹುಡುಗನಿಗೆ ಜೀವಾವಧಿ ಶಿಕ್ಷೆಯಾಯಿತು. ತಾಯಿಗೂ ತಂದೆಗೂ 10ರಿಂದ 15 ವರ್ಷ ಜೈಲಾಯಿತು. ಮಗ ಶಾಲೆಯಲ್ಲಿ ನಡೆಸಿದ ಹತ್ಯಾಕಾಂಡಕ್ಕೆ ತಂದೆತಾಯಿ ನರಹತ್ಯೆಯ ಅಪರಾಧಿಗಳಾದದ್ದು ಈ ದೇಶದಲ್ಲಿ ಅದೇ ಮೊದಲು.

ನಾನಿರುವುದು ಇದೇ ಕೌಂಟಿಯಲ್ಲಿ. ಅಂದಿನಿಂದ ನಮ್ಮ ಕನ್ನಡ ಬಳಗದಲ್ಲಿ ಹೊಸದಾಗಿ ಬಂದ ದಂಪತಿಗಳು ಯಾರೇ ಸಿಗಲಿ, ಶಾಲೆ, ವಿಮೆ, ಹಿಮದ ಟೈರುಗಳ ಮಾತಿನ ಜೊತೆಗೆ ಬಂದೂಕಿನ ಮಾತನ್ನೂ ಆಡುತ್ತೇನೆ. ಎದುರಿಗೆ ಕೂತು ಹೇಳುವ ಆ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

ಭಯ ಎತ್ತ, ಅಪಾಯ ಎತ್ತ

ಸುದ್ದಿಯಲ್ಲಿ ನಾವು ಕಾಣುವುದು ಶಾಲೆ, ಮಾಲ್, ಥಿಯೇಟರುಗಳ ಹತ್ಯಾಕಾಂಡ. ಲೆಕ್ಕ ಬೇರೆಯೇ ಇದೆ. 2023ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಬಲಿಯಾದವರು 46,000ಕ್ಕೂ ಹೆಚ್ಚು. ಅವರಲ್ಲಿ 27,000ಕ್ಕೂ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಉಳಿದದ್ದರಲ್ಲಿ ಬಹುಪಾಲು ಬೀದಿ ಜಗಳ, ಮನೆಯೊಳಗಿನ ಹಿಂಸೆ, ಹಳೆಯ ವೈರಗಳ ಕೊಲೆ. ಹೆಸರಾಂತ ಹತ್ಯಾಕಾಂಡಗಳಲ್ಲಿ ಸತ್ತವರು ಈ ರಾಶಿಯಲ್ಲಿ ಒಂದು ಹಿಡಿಯಷ್ಟು. 2020ರಿಂದ ಈಚೆಗೆ, ಒಂದರಿಂದ ಹತ್ತೊಂಬತ್ತು ವರ್ಷದವರ ಸಾವಿಗೆ ಕಾರು ಅಪಘಾತಕ್ಕಿಂತ, ಕ್ಯಾನ್ಸರಿಗಿಂತ ದೊಡ್ಡ ಕಾರಣ ಬಂದೂಕು.

ದೊಡ್ಡವರಲ್ಲಿ ಹತ್ತಕ್ಕೆ ನಾಲ್ವರು ಬಂದೂಕು ಇರುವ ಮನೆಯಲ್ಲಿ ವಾಸಿಸುತ್ತಾರೆ. ಗುಂಡು ತುಂಬಿದ, ಬೀಗವಿಲ್ಲದ ಬಂದೂಕಿರುವ ಮನೆಗಳಲ್ಲಿ ಸುಮಾರು 46 ಲಕ್ಷ ಮಕ್ಕಳಿದ್ದಾರೆ ಎಂದು 2015ರ ಸಮೀಕ್ಷೆಯೊಂದು ಅಂದಾಜು ಮಾಡಿತ್ತು. ಶಾಲೆಗಳ ಮೇಲೆ ಗುಂಡಿನ ದಾಳಿ ನಡೆಸಿದವರ ಬಗ್ಗೆ ಅಮೆರಿಕದ ಸೀಕ್ರೆಟ್ ಸರ್ವಿಸ್ 2019ರಲ್ಲಿ ಅಧ್ಯಯನ ಪ್ರಕಟಿಸಿತು. ಅವರಲ್ಲಿ ಮುಕ್ಕಾಲು ಪಾಲು ಹುಡುಗರಿಗೆ ಬಂದೂಕು ಸಿಕ್ಕಿದ್ದು ತಂದೆತಾಯಿಯ ಮನೆಯಲ್ಲಿ ಅಥವಾ ಹತ್ತಿರದ ನೆಂಟರ ಮನೆಯಲ್ಲಿ.

ಅಪಾಯ ಇರುವುದು ಮಂಚದ ಪಕ್ಕದ ಡ್ರಾಯರಿನಲ್ಲಿ. ಬೀದಿಯಲ್ಲಿ ಏನು ನಡೆಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ, ಡ್ರಾಯರಿನ ವಿಷಯ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಹೆಜ್ಜೆ 1: ಮುಟ್ಟುವ ಮುನ್ನ ವೀಸಾ ನೋಡಿಕೊಳ್ಳಿ

ನಮ್ಮವರಲ್ಲಿ ಅತಿ ಹೆಚ್ಚು ಮಂದಿ ಎಡವುವುದು ಇಲ್ಲಿ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಇವೆಲ್ಲ ಕೆಲಸ, ಓದು, ಭೇಟಿಗೆಂದು ಬರುವವರಿಗೂ ಅವರ ಕುಟುಂಬಕ್ಕೂ ತಾತ್ಕಾಲಿಕವಾಗಿ ಕೊಡುವ, ವಲಸೆಯಲ್ಲದ ವೀಸಾಗಳು. ಇವುಗಳ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಕೆಲವು ವಿನಾಯಿತಿಗಳಿವೆ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಅವುಗಳಲ್ಲಿ ಮುಖ್ಯವಾದದ್ದು. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಜೈಲು.

"ಇಟ್ಟುಕೊಳ್ಳುವುದು" ಎಂದರೆ ಕೊಳ್ಳುವುದು ಮಾತ್ರವಲ್ಲ. ಕಚೇರಿಯ ತಂಡ ಶುಕ್ರವಾರ ಮಧ್ಯಾಹ್ನ ಶೂಟಿಂಗ್ ರೇಂಜಿಗೆ ಹೊರಡುತ್ತದೆ, ಬಾಡಿಗೆಯ ಪಿಸ್ತೂಲು ನಿಮ್ಮ ಕೈಗೂ ಬರುತ್ತದೆ. ಅದೂ ಇಟ್ಟುಕೊಂಡಂತೆಯೇ. ಫ್ಲಾರಿಡಾದಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಬಂದು, ಕಾಲೇಜಿನಿಂದ ಹೊರಬಿದ್ದು ವೀಸಾದ ಸ್ಥಾನಮಾನ ಕಳೆದುಕೊಂಡಿದ್ದ ಯುವಕನೊಬ್ಬ ರೇಂಜಿಗೆ ಹೋಗಿ ಗುರಿ ಹೊಡೆದ. ಅದಕ್ಕಾಗಿ ಮೊಕದ್ದಮೆ ಹೂಡಲಾಯಿತು. 2019ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋದ ರೆಹೈಫ್ ಪ್ರಕರಣ ಅದೇ. ತನಗೆ ಕಾನೂನುಬದ್ಧ ಸ್ಥಾನಮಾನ ಉಳಿದಿಲ್ಲ ಎಂಬುದು ಆರೋಪಿಗೆ ತಿಳಿದಿತ್ತು ಎಂದು ಸರ್ಕಾರ ಸಾಬೀತುಪಡಿಸಬೇಕು ಎಂದು ನ್ಯಾಯಾಲಯ ಹೇಳಿತು. ಆದರೆ ರೇಂಜಿನಲ್ಲಿ ಹಿಡಿದದ್ದು ಲೆಕ್ಕಕ್ಕಿಲ್ಲ ಎಂದು ಹೇಳಲಿಲ್ಲ. ಸಹೋದ್ಯೋಗಿಗಳು ಕರೆದರೆ "ನನ್ನ ವೀಸಾದಲ್ಲಿ ಅದಕ್ಕೆ ಅವಕಾಶವಿಲ್ಲ" ಎಂದು ನೇರವಾಗಿ ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಪೌರತ್ವ ಇರುವ ಗೆಳೆಯನಿಂದ ನಿಮಗಾಗಿ ಕೊಳ್ಳಿಸುವುದು ಇಬ್ಬರಿಗೂ ಅಪರಾಧ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು, ಆದರೆ ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಅವರನ್ನೂ ದೇಶದಿಂದ ಹೊರಹಾಕಬಹುದು. ಇನ್ನೊಂದು ಸೂಕ್ಷ್ಮ: ಗಂಡ ಪೌರ, ಹೆಂಡತಿ ಇನ್ನೂ ವೀಸಾದಲ್ಲಿ, ಊರಿಂದ ಬಂದ ಅತ್ತೆಮಾವ ಬಿ-2ರಲ್ಲಿ. ಅಂಥ ಮನೆಯಲ್ಲಿ ತಿಜೋರಿಯ ಸಂಖ್ಯೆ ಗಂಡನೊಬ್ಬನಿಗೇ ತಿಳಿದಿರಬೇಕು. ಉಳಿದವರ ಕೈಗೆಟುಕುವಂತಿದ್ದರೆ ಅವರೂ ಇಟ್ಟುಕೊಂಡಂತೆ ಎಂಬ ವಾದಕ್ಕೆ ಎಡೆಯಾಗುತ್ತದೆ. ನಿಮ್ಮ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಹೆಜ್ಜೆ 2: ಕೇಳಿ

ಮಗನಿಗೆ ಆಗ ಏಳು ವರ್ಷ. ಮೊದಲ ಬಾರಿಗೆ ಸಹಪಾಠಿಯೊಬ್ಬನ ಮನೆಗೆ ಆಟಕ್ಕೆಂದು ಬಿಟ್ಟುಬಂದೆ. ನಾಯಿ ಇದೆಯೇ ಎಂದು ಕೇಳಿದ್ದೆ. ಮಾಂಸ ಕೊಡಬೇಡಿ, ಗೋಡಂಬಿ ಅವನಿಗೆ ಆಗುವುದಿಲ್ಲ ಎಂದು ಹೇಳಿದ್ದೆ. ಬಂದೂಕಿನ ಮಾತು ಮಾತ್ರ ನಾಲಿಗೆಯ ತುದಿಗೆ ಬಂದು ನಿಂತಿತು. ಅವರು ಏನೆಂದುಕೊಂಡಾರು, ಹೊಸಬಳು ಬಂದು ನಮ್ಮನ್ನು ಅನುಮಾನಿಸುತ್ತಾಳೆ ಎಂದುಕೊಂಡರೆ? ಸಂಜೆ ಕರೆತರಲು ಹೋದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು. ಇಬ್ಬರೂ ಹುಡುಗರು ಸೈಕಲ್ಲಿನ ಚೈನು ಏರಿಸುತ್ತ ಕೂತಿದ್ದರು. ಅವರಿಂದ ಎರಡು ಮಾರು ದೂರದಲ್ಲಿ, ಗೋಡೆಗೆ ಒರಗಿಸಿದ್ದ ರೈಫಲ್. ಪಕ್ಕದ ಬೆಂಚಿನ ಮೇಲೆ ಕಿತ್ತಳೆ ಬಣ್ಣದ ಬೇಟೆಯ ಜಾಕೆಟ್, ಅದರ ಮೇಲೆ ತೆರೆದ ತೋಟಾಗಳ ಡಬ್ಬ. ಅಂದು ನವೆಂಬರ್ 14. ಮರುದಿನದಿಂದ ಮಿಷಿಗನ್‌ನಲ್ಲಿ ಜಿಂಕೆ ಬೇಟೆ ಶುರು, ಅದು ಇಲ್ಲಿನವರಿಗೆ ಹಬ್ಬ. ಆ ಮನೆಯಾತ ಕೆಟ್ಟವನಲ್ಲ. ನಮ್ಮ ಮನೆಯ ಮುಂದಿನ ಹಿಮವನ್ನು ಕೇಳದೆಯೇ ತೆಗೆದುಕೊಡುತ್ತಿದ್ದ ಮನುಷ್ಯ. ಟ್ರಕ್ಕಿಗೆ ಸಾಮಾನು ತುಂಬುತ್ತ ಒಂದು ನಿಮಿಷ ಒಳಗೆ ಹೋಗಿದ್ದ, ಅಷ್ಟೇ.

ಆ ಒಂದು ನಿಮಿಷವನ್ನು ನಾನು ಮರೆತಿಲ್ಲ. ಅಂದಿನಿಂದ ಕೇಳದೆ ಮಗನನ್ನು ಎಲ್ಲೂ ಬಿಟ್ಟಿಲ್ಲ.

ಕೇಳುವುದಕ್ಕೂ ಒಂದು ರೀತಿಯಿದೆ. ಬಾಗಿಲ ಮುಂದೆ, ಮಕ್ಕಳ ಎದುರಿಗೆ ಕೇಳಬೇಡಿ. ಹಿಂದಿನ ದಿನವೇ ಮೊಬೈಲಿನಲ್ಲಿ ಸಂದೇಶ ಕಳಿಸಿ. ಒಂಟಿ ಪ್ರಶ್ನೆಯಾಗಿ ಎಸೆಯದೆ ಉಳಿದ ಪ್ರಶ್ನೆಗಳ ನಡುವೆ ಸೇರಿಸಿ, ಮೊದಲು ನಿಮ್ಮ ಮನೆಯ ಸಂಗತಿ ಹೇಳಿ. ನಾನು ಕಳಿಸುವ ಸಂದೇಶದ ತಿರುಳು ಇಷ್ಟು: "ನಾಳೆ ಅವನು ಬರಲು ಕಾತರದಿಂದಿದ್ದಾನೆ. ಅವನಿಗೆ ಗೋಡಂಬಿ ಆಗುವುದಿಲ್ಲ. ಈಜುಕೊಳವಿದ್ದರೆ ದೊಡ್ಡವರೊಬ್ಬರು ಹತ್ತಿರ ಇರಲಿ. ನಮ್ಮ ಮನೆಯಲ್ಲಿ ಬಂದೂಕಿಲ್ಲ. ನಿಮ್ಮಲ್ಲಿ ಇದ್ದರೆ, ಗುಂಡು ತೆಗೆದು ಬೀಗ ಹಾಕಿಟ್ಟಿದ್ದೀರಾ? ಎಲ್ಲ ಮನೆಯವರನ್ನೂ ಇದನ್ನೇ ಕೇಳುತ್ತೇನೆ." ಕೊನೆಯ ವಾಕ್ಯ ಬಿಡಬೇಡಿ. ಅದಿದ್ದರೆ ಕೇಳಿಸಿಕೊಂಡವರಿಗೆ ತಮ್ಮೊಬ್ಬರ ಮೇಲೇ ಬೆರಳು ತೋರಿದಂತೆ ಅನ್ನಿಸುವುದಿಲ್ಲ.

ಮಕ್ಕಳ ವೈದ್ಯರ ರಾಷ್ಟ್ರೀಯ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೀಗೆ ಕೇಳಿ ಎಂದೇ ತಂದೆತಾಯಿಗೆ ಹೇಳುತ್ತದೆ. ಧೈರ್ಯ ಸಾಲದಿದ್ದರೆ "ನಮ್ಮ ಮಕ್ಕಳ ಡಾಕ್ಟರು ಕೇಳಲು ಹೇಳಿದ್ದಾರೆ" ಎನ್ನಿ. ಅದು ಸುಳ್ಳಲ್ಲ.

ಬರುವ ಉತ್ತರಗಳಲ್ಲಿ "ಇದೆ, ತಿಜೋರಿಯಲ್ಲಿದೆ, ಬೀಗದ ಕೈ ನನ್ನ ಬಳಿ" ಎಂಬುದು ಒಳ್ಳೆಯ ಉತ್ತರ. "ಇದೆ, ಆದರೆ ಮಕ್ಕಳಿಗೆ ಸಿಗದ ಕಡೆ ಇಟ್ಟಿದ್ದೇವೆ" ಎಂಬುದು ಉತ್ತರವೇ ಅಲ್ಲ. ಅಲಬಾಮಾದ ಹಳ್ಳಿಗಾಡಿನ ಚಿಕಿತ್ಸಾಲಯವೊಂದರಲ್ಲಿ ತಂದೆತಾಯಿಯನ್ನೂ ಮಕ್ಕಳನ್ನೂ ಬೇರೆ ಬೇರೆಯಾಗಿ ಕೇಳಿ ನೋಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. "ಬಂದೂಕು ಎಲ್ಲಿದೆ ಎಂದು ನಮ್ಮ ಮಗುವಿಗೆ ಗೊತ್ತಿಲ್ಲ" ಎಂದ ತಂದೆತಾಯಿಯರಲ್ಲಿ ಶೇ 39ರಷ್ಟು ಜನರ ಮಕ್ಕಳು ಅದು ಎಲ್ಲಿದೆ ಎಂದು ಹೇಳಿದರು. ಬೀರುವಿನ ಮೇಲಿಟ್ಟ ಉಂಡೆ ಡಬ್ಬ ನಮಗೆ ಸಿಗುತ್ತಿರಲಿಲ್ಲವೇ?

ಉತ್ತರ ಹಿಡಿಸದಿದ್ದರೆ ವಾದ ಬೇಡ. "ಈ ಸಲ ನಮ್ಮ ಮನೆಗೇ ಬರಲಿ, ದೋಸೆ ಮಾಡುತ್ತೇನೆ" ಎನ್ನಿ, ಇಲ್ಲವೇ ಲೈಬ್ರರಿಯಲ್ಲೋ ಉದ್ಯಾನದಲ್ಲೋ ಸೇರಿ. ಮಗುವಿನ ಸ್ನೇಹ ಉಳಿಯುತ್ತದೆ. ಇಷ್ಟು ವರ್ಷಗಳಲ್ಲಿ ನನ್ನ ಪ್ರಶ್ನೆಗೆ ಮುಖ ಗಂಟಿಕ್ಕಿದವರು ಇಬ್ಬರೇ. "ನೀವು ಕೇಳಿದ್ದು ಒಳ್ಳೆಯದಾಯಿತು" ಎಂದವರೇ ಹೆಚ್ಚು.

ಮತ್ತೊಂದು ಮಾತು. ಕನ್ನಡದವರ ಮನೆ, ಅವರಲ್ಲಿ ಎಲ್ಲಿಂದ ಬರಬೇಕು ಎಂದು ಪ್ರಶ್ನೆಯನ್ನು ನುಂಗಬೇಡಿ. ಕೊಂಡವರು ನಮ್ಮಲ್ಲೂ ಇದ್ದಾರೆ, ಕೊಂಡದ್ದನ್ನು ಬಳಗದಲ್ಲಿ ಹೇಳಿಕೊಳ್ಳದವರೂ ಇದ್ದಾರೆ.

ಹೆಜ್ಜೆ 3: ಮಗುವಿಗೆ ಹೇಳಿಕೊಡಿ, ಆದರೆ ಅದನ್ನೇ ನೆಚ್ಚಬೇಡಿ

ಹೇಳಿಕೊಡಬೇಕಾದದ್ದು ನಾಲ್ಕೇ ಮಾತು. ಬಂದೂಕು ಕಂಡರೆ ನಿಲ್ಲು. ಮುಟ್ಟಬೇಡ. ಅಲ್ಲಿಂದ ಹೊರಡು. ದೊಡ್ಡವರಿಗೆ ಹೇಳು. ಆಟಿಕೆಯಂತೆ ಕಂಡರೂ ಇದೇ ನಿಯಮ. ಫೋನಿಗೆ ಒಂದು ಗುಟ್ಟಿನ ಮಾತನ್ನೂ ಕಲಿಸಿ. ನಮ್ಮಲ್ಲಿ ಅದು "ಅಮ್ಮಾ, ಹೊಟ್ಟೆ ನೋಯುತ್ತಿದೆ". ಅದನ್ನು ಕೇಳಿದರೆ ಏನು ಎತ್ತ ಎಂದು ವಿಚಾರಿಸದೆ ಕಾರು ತೆಗೆಯುತ್ತೇನೆ. ಮಗು ಮನೆಯಲ್ಲಿ ಕನ್ನಡ ಆಡುತ್ತಿದ್ದರೆ ಇನ್ನೂ ಸುಲಭ, ಪಕ್ಕದಲ್ಲಿ ಯಾರಿದ್ದರೂ ನಡೆದದ್ದನ್ನು ನಡೆದಂತೆ ಹೇಳಬಲ್ಲದು.

ನೆಚ್ಚಬೇಡಿ ಎಂದದ್ದಕ್ಕೆ ಕಾರಣವಿದೆ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 8ರಿಂದ 12 ವರ್ಷದ 64 ಹುಡುಗರನ್ನು ಇಬ್ಬರು ಮೂವರಾಗಿ ಒಂದು ಕೋಣೆಯಲ್ಲಿ ಬಿಟ್ಟರು. ಡ್ರಾಯರಿನಲ್ಲಿ ನಿಜವಾದ, ಆದರೆ ಗುಂಡಿಲ್ಲದ ಪಿಸ್ತೂಲಿತ್ತು. 48 ಹುಡುಗರಿಗೆ ಅದು ಸಿಕ್ಕಿತು, 30 ಮಂದಿ ಕೈಗೆತ್ತಿಕೊಂಡರು, 16 ಮಂದಿ ಟ್ರಿಗರ್ ಎಳೆದರು. ಹಾಗೆ ಮುಟ್ಟಿದವರಲ್ಲಿ ಹತ್ತಕ್ಕೆ ಒಂಬತ್ತು ಹುಡುಗರು ಬಂದೂಕಿನ ಸುರಕ್ಷತೆಯ ಪಾಠ ಕೇಳಿದ್ದವರೇ. ಮಗುವಿನ ಕುತೂಹಲಕ್ಕೆ ಬೀಗ ಹಾಕಲು ಆಗುವುದಿಲ್ಲ, ಬಂದೂಕಿಗೆ ಹಾಕಬಹುದು.

ಹೆಜ್ಜೆ 4: ಊರಿಂದ ಬಂದ ಹಿರಿಯರಿಗೆ ಒಂದು ಪದ ಕಲಿಸಿ

ನಮ್ಮ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ನನ್ನ ತಂದೆ ಬಂದ ಮೂರನೆಯ ದಿನ ಬೆಳಗಿನ ವಾಯುವಿಹಾರ ಮುಗಿಸಿ, ನಮ್ಮದೇ ಎಂದುಕೊಂಡು ಬೇರೊಂದು ಮನೆಯ ಬಾಗಿಲ ಹಿಡಿಯನ್ನು ತಿರುಗಿಸುತ್ತ ನಿಂತಿದ್ದರು. ಒಳಗಿದ್ದ ಅಜ್ಜಿ ಕಿಟಕಿಯಿಂದ ನೋಡಿ, ನಕ್ಕು, ನಮ್ಮ ಮನೆ ತೋರಿಸಿ ಕಳಿಸಿದರು. ಎಲ್ಲೆಡೆಯೂ ಹೀಗೆಯೇ ಆಗುತ್ತದೆ ಎನ್ನುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆತರಲು ಹೋದ 16 ವರ್ಷದ ಹುಡುಗ ತಪ್ಪು ಮನೆಯ ಕರೆಗಂಟೆ ಒತ್ತಿ ಗುಂಡೇಟು ತಿಂದ. ಪುಣ್ಯಕ್ಕೆ ಬದುಕಿದ. ಅದೇ ವಾರ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ, ದಾರಿ ತಪ್ಪಿ ಬೇರೆಯವರ ಮನೆಯ ಅಂಗಳಕ್ಕೆ ತಿರುಗಿದ ಕಾರಿನಲ್ಲಿದ್ದ 20 ವರ್ಷದ ಯುವತಿ ಗುಂಡಿಗೆ ಬಲಿಯಾದಳು.

ಅದಕ್ಕೂ ಮುಂಚೆ, 1992ರ ಅಕ್ಟೋಬರ್‌ನಲ್ಲಿ, ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಯೋಶಿಹಿರೊ ಹಟ್ಟೋರಿ ಎಂಬ 16 ವರ್ಷದ ಜಪಾನಿ ವಿದ್ಯಾರ್ಥಿ ಹ್ಯಾಲೋವೀನ್ ಔತಣಕ್ಕೆಂದು ಹೊರಟು ತಪ್ಪು ಮನೆಯ ಮುಂದೆ ನಿಂತ. ಮನೆಯಾತ ಬಂದೂಕು ಹಿಡಿದು "ಫ್ರೀಜ್" ಎಂದು ಕೂಗಿದ. ಹುಡುಗನಿಗೆ ಆ ಪದ ಅರ್ಥವಾದಂತೆ ಕಾಣಲಿಲ್ಲ, ಮುಂದೆ ನಡೆದ, ಸತ್ತ. ಗುಂಡು ಹಾರಿಸಿದಾತನನ್ನು ಜ್ಯೂರಿ ಖುಲಾಸೆ ಮಾಡಿತು.

ಆದ್ದರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದ ಮೊದಲ ದಿನವೇ ಹೇಳಿ: "ಫ್ರೀಜ್" ಎಂದರೆ ಚಳಿಯಲ್ಲ, ಇದ್ದಲ್ಲೇ ಅಲುಗಾಡದೆ ನಿಲ್ಲು ಎಂದರ್ಥ. ನಿಂತು, ಖಾಲಿ ಕೈಗಳನ್ನು ಕಾಣುವಂತೆ ಹಿಡಿಯಬೇಕು. ವಿವರಣೆ ಆಮೇಲೆ. ಮನೆಯ ನಂಬರನ್ನು ದೊಡ್ಡದಾಗಿ ಬರೆದು ಜೇಬಿನಲ್ಲಿಡಿ, ಬಾಗಿಲಿಗೆ ಗುರುತಿಗೊಂದು ತೋರಣ ಕಟ್ಟಿ. ಬೇರೆಯವರ ಹಿತ್ತಲಿನ ಮೂಲಕ ಹಾಯುವುದು, ಬೇಲಿಯಾಚೆಯ ಹೂವು ಕೀಳುವುದು ಬೇಡ.

ಹೆಜ್ಜೆ 5: ಕೊಳ್ಳುವುದಾದರೆ

ನಾನು ಕೊಂಡಿಲ್ಲ, ಕೊಳ್ಳುವುದಿಲ್ಲ. ಕೊಳ್ಳುವುದು ಹಕ್ಕು ಎಂಬುದನ್ನೂ ಬಲ್ಲೆ. 1791ರ ಎರಡನೆಯ ತಿದ್ದುಪಡಿ ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವ ವೈಯಕ್ತಿಕ ಹಕ್ಕನ್ನು ಕಾಯುತ್ತದೆ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಟೆಗೋ ಗುರಿ ಹೊಡೆಯುವ ಆಟಕ್ಕೋ ರಕ್ಷಣೆಗೋ ಕೊಳ್ಳುವವರೊಡನೆ ನನ್ನ ಜಗಳವಿಲ್ಲ. ಕೊಳ್ಳುವ ಮುನ್ನ ಒಂದು ತರಗತಿಗೆ ಹೋಗಿ, ಮತ್ತು ತಿಜೋರಿಯನ್ನು ಬಂದೂಕಿಗಿಂತ ಮೊದಲೇ ಮನೆಗೆ ತನ್ನಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಗದ್ದೆಗೆ ಹಂದಿ ಬಾರದಿರಲೆಂದು ಲೈಸೆನ್ಸಿನ ಒಂಟಿನಳಿಗೆ ಕೋವಿ ಇತ್ತು. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಉಳಿದ ದಿನ ಕೋವಿ ಅಟ್ಟದ ಮೇಲೆ, ತೋಟಾಗಳು ಅಜ್ಜಿಯ ಕೋಣೆಯ ಮರದ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೊಂಟದ ಗೊಂಚಲಿನಲ್ಲಿ. ಅಜ್ಜನಿಗೂ ಅಜ್ಜಿಯನ್ನು ಕೇಳದೆ ತೋಟಾ ಸಿಗುತ್ತಿರಲಿಲ್ಲ. ಇಲ್ಲಿನ ತಜ್ಞರು ಹೇಳುವುದೂ ಅದನ್ನೇ, ಜೊತೆಗೆ ಬಂದೂಕಿಗೂ ಒಂದು ಬೀಗ ಸೇರಿಸಿ: ಗುಂಡು ತೆಗೆದಿರಲಿ, ಬಂದೂಕಿಗೆ ಬೀಗವಿರಲಿ, ಗುಂಡುಗಳು ಬೇರೆ ಕಡೆ ಬೇರೆ ಬೀಗದಲ್ಲಿರಲಿ.

ಕೇಬಲ್ ಬೀಗ ಬಹಳ ಕಡೆ ಪೊಲೀಸ್ ಠಾಣೆಯಲ್ಲಿ ಉಚಿತವಾಗಿ ಸಿಗುತ್ತದೆ. ಒಳಗೆ ಹೋಗಿ "ಬಂದೂಕಿನ ಬೀಗ ಬೇಕು" ಎಂದರೆ ಸಾಕು. ಸಾಮಾನ್ಯ ಪಿಸ್ತೂಲಿಗೆ ಅದನ್ನು ಹಾಕುವ ಕ್ರಮ ಹೀಗೆ. ನಳಿಗೆಯನ್ನು ಯಾರೂ ಇಲ್ಲದ, ಗುಂಡು ಹಾರಿದರೂ ಯಾರಿಗೂ ತಾಗದ ಕಡೆಗೆ ತಿರುಗಿಸಿ. ಬೆರಳು ಟ್ರಿಗರಿನಿಂದ ದೂರವಿರಲಿ. ಮೊದಲು ಮ್ಯಾಗಜಿನ್ (ಹಿಡಿಕೆಯೊಳಗೆ ಕೂರುವ ಗುಂಡುಗಳ ಡಬ್ಬಿ) ಹೊರಗೆ ತೆಗೆಯಿರಿ. ಆಮೇಲೆ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಪೂರ್ತಿ ಹಿಂದಕ್ಕೆ ಎಳೆಯಿರಿ. ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಗುಂಡಿದ್ದರೆ ಅದು ಹೊರಕ್ಕೆ ಚಿಮ್ಮುತ್ತದೆ. ಈ ಎರಡರ ಕ್ರಮ ತಪ್ಪಬಾರದು. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ ಹೊಸ ಗುಂಡೊಂದು ಚೇಂಬರಿಗೆ ಏರಿ ಕೂರುತ್ತದೆ. ಮ್ಯಾಗಜಿನ್ ತೆಗೆದೆ, ಇನ್ನು ಖಾಲಿ ಎಂದುಕೊಂಡು ಟ್ರಿಗರ್ ಎಳೆದು ಸತ್ತವರೂ ಕೊಂದವರೂ ಇದ್ದಾರೆ. ಸ್ಲೈಡನ್ನು ಹಿಂದೆಯೇ ನಿಲ್ಲಿಸಿ ಚೇಂಬರನ್ನು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ ನೋಡಿ. ಈಗ ಕೇಬಲ್ಲನ್ನು ಖಾಲಿ ತೋಟಾ ಹೊರಬೀಳುವ ಮೇಲಿನ ಕಿಂಡಿಯಿಂದ ಒಳಗೆ ತೂರಿಸಿ, ಹಿಡಿಕೆಯ ಕೆಳಗೆ ಮ್ಯಾಗಜಿನ್ ಕೂರುವ ಪೊಳ್ಳಿನಿಂದ ಹೊರಗೆ ಎಳೆದು, ಎರಡೂ ತುದಿ ಸೇರಿಸಿ ಬೀಗ ಒತ್ತಿ. ಕೇಬಲ್ ಅಡ್ಡ ಇರುವವರೆಗೆ ಸ್ಲೈಡ್ ಮುಚ್ಚುವುದಿಲ್ಲ, ಮ್ಯಾಗಜಿನ್ ಒಳಗೆ ಕೂರುವುದಿಲ್ಲ.

ಕೇಬಲ್ ಬೀಗವನ್ನು ಗಟ್ಟಿ ಕತ್ತರಿ ಕತ್ತರಿಸಬಲ್ಲದು. ಹರೆಯದ ಮಕ್ಕಳಿರುವ ಮನೆಗೆ ಗೋಡೆಗೆ ಬಿಗಿದ ಉಕ್ಕಿನ ತಿಜೋರಿಯೇ ಸರಿ. ಅಂಗಡಿಯಿಂದ ಬಂದ ಸಂಖ್ಯೆಯನ್ನು ಮೊದಲ ದಿನವೇ ಬದಲಾಯಿಸಿ. ಆಕ್ಸ್‌ಫರ್ಡ್ ಪ್ರಕರಣದ ಮನೆಯಲ್ಲಿ ಉಳಿದ ಬಂದೂಕುಗಳು ತಿಜೋರಿಯಲ್ಲೇ ಇದ್ದವು, ಅದರ ಸಂಖ್ಯೆ 0-0-0. ಬೆರಳಚ್ಚಿನ ಪೆಟ್ಟಿಗೆ ಕೊಂಡರೆ ನಿಮ್ಮದಲ್ಲದ ಬೆರಳಿಟ್ಟು ಪರೀಕ್ಷಿಸಿ. ಬೆರಳಚ್ಚು ದಾಖಲಾಗುವವರೆಗೆ ಯಾರ ಬೆರಳಿಗಾದರೂ ತೆರೆದುಕೊಳ್ಳುವ ದೋಷವಿದ್ದ ಸುಮಾರು 61,000 ಪೆಟ್ಟಿಗೆಗಳನ್ನು 2023ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಲಾಯಿತು. ಅಷ್ಟರಲ್ಲಿ 12 ವರ್ಷದ ಹುಡುಗನೊಬ್ಬ ಪ್ರಾಣ ಕಳೆದುಕೊಂಡಿದ್ದ.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೂವರು ವಿದ್ಯಾರ್ಥಿಗಳು ಕೊಲೆಯಾಗಿ ಸರಿಯಾಗಿ ಒಂದು ವರ್ಷಕ್ಕೆ, 2024ರ ಫೆಬ್ರವರಿ 13ರಂದು, ಇಲ್ಲಿ ಹೊಸ ಕಾನೂನು ಜಾರಿಗೆ ಬಂತು. 18 ತುಂಬದವರು ಇರುವ ಅಥವಾ ಬರಬಹುದಾದ ಮನೆಯಲ್ಲಿ ಬಂದೂಕು ಬೀಗದಲ್ಲಿರಲೇಬೇಕು. ಬೀಗವಿಲ್ಲದ ಬಂದೂಕು ಮಗುವಿನ ಕೈಗೆ ಸಿಕ್ಕಿ ಯಾರಾದರೂ ಸತ್ತರೆ ಇಟ್ಟವರಿಗೆ 15 ವರ್ಷದವರೆಗೆ ಜೈಲು. ಬೇರೆ ರಾಜ್ಯಕ್ಕೆ ಮನೆ ಬದಲಾಯಿಸುವವರು ಅಲ್ಲಿನ ಕಾನೂನನ್ನು ಮೊದಲು ಓದಿಕೊಳ್ಳಿ. ಕಾರಿನಲ್ಲಿ ಬಂದೂಕು ಬಿಟ್ಟು ಹೋಗಬೇಡಿ, ಕಳ್ಳರಿಗೆ ಅದಕ್ಕಿಂತ ಸುಲಭದ ಜಾಗವಿಲ್ಲ. ಬೇಸಿಗೆಯಲ್ಲಿ ಆರು ವಾರ ಊರಿಗೆ ಹೋಗುವಾಗ ಗಿಡಕ್ಕೆ ನೀರು ಹಾಕುವ ಗೆಳೆಯರಿಗೆ ಮನೆಯ ಕೀಲಿ ಕೊಡಿ, ತಿಜೋರಿಯದ್ದನ್ನಲ್ಲ.

ಹೆಜ್ಜೆ 6: ಮನೆಯಲ್ಲಿ ಯಾರದಾದರೂ ಮನಸ್ಸು ಕುಗ್ಗಿದ್ದರೆ

ನಮ್ಮ ಮನೆಗಳಲ್ಲಿ ಈ ಮಾತು ಹೊರಗೆ ಬರುವುದಿಲ್ಲ. ಹದಿನಾರರ ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ, ಕೆಲಸ ಹೋಗಿ, ಹೊಸದನ್ನು ಹುಡುಕಿಕೊಳ್ಳಲು ವೀಸಾದಲ್ಲಿ ಸಿಗುವ ಅರವತ್ತು ದಿನ ಎಣಿಸುತ್ತಿರುವ ಗಂಡ ರಾತ್ರಿಯಿಡೀ ಕೂತಿರುತ್ತಾನೆ. "ಓದಿನ ಒತ್ತಡ", "ಸರಿಹೋಗುತ್ತದೆ" ಎಂದು ನಾವು ಮುಚ್ಚಿಡುತ್ತೇವೆ. ದಯವಿಟ್ಟು ಮುಚ್ಚಿಡಬೇಡಿ.

ಆತ್ಮಹತ್ಯೆಯ ಯತ್ನದಿಂದ ಬದುಕುಳಿದವರಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಕೈಯಲ್ಲಿ ಬಂದೂಕಿದ್ದರೆ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಬದುಕುಳಿಯುವುದೇ ಇಲ್ಲ. ಸಾವಿನ ಅಂಚಿನಿಂದ ಮರಳಿದ ಯುವಜನರನ್ನು ಹ್ಯೂಸ್ಟನ್‌ನಲ್ಲಿ ಮಾತಾಡಿಸಿದಾಗ, ನಿರ್ಧಾರಕ್ಕೂ ಯತ್ನಕ್ಕೂ ನಡುವೆ ಐದು ನಿಮಿಷವೂ ಇರಲಿಲ್ಲ ಎಂದವರು ಕಾಲುಭಾಗ. ಆ ಐದು ನಿಮಿಷ ಕಳೆಯುವಂತೆ ಮಾಡುವುದೇ ಬೀಗದ ಕೆಲಸ.

ಹಾಗಾಗಿ ಮನೆಯಲ್ಲಿ ಬಂದೂಕಿದ್ದು, ಯಾರದಾದರೂ ಮನಸ್ಸು ಕುಗ್ಗಿದೆ ಎಂದು ಅನ್ನಿಸಿದರೆ ಬೀಗವೂ ಸಾಲದು. ಅದನ್ನು ಮನೆಯಿಂದಲೇ ಹೊರಗೆ ಕಳಿಸಿ. ಕೆಲವು ಬಂದೂಕು ಅಂಗಡಿಗಳು, ರೇಂಜುಗಳು, ಪೊಲೀಸ್ ಠಾಣೆಗಳು ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತವೆ. ಮೊದಲು ಫೋನ್ ಮಾಡಿ ಕೇಳಿ. ಬಂದೂಕಿನೊಡನೆ ಠಾಣೆಗೆ ನೇರವಾಗಿ ನುಗ್ಗಬೇಡಿ. ಗೆಳೆಯರ ಮನೆಯಲ್ಲಿಡುವುದಾದರೆ ಆ ಗೆಳೆಯರಿಗೆ ಕಾನೂನಿನ ಅಡ್ಡಿಯಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮೊದಲ ಹೆಜ್ಜೆಯಲ್ಲಿ ಹೇಳಿದ ವೀಸಾದ ಮಾತನ್ನು ನೆನಪಿಡಿ. ಮಗುವನ್ನು ನೇರವಾಗಿ ಕೇಳಿ: "ಸಾಯಬೇಕು ಅನ್ನಿಸುತ್ತಿದೆಯಾ?" ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಸಂದೇಶ ಕಳಿಸಬಹುದು. ನಿಮ್ಮ ಮಗುವಿನ ಪರವಾಗಿ ನೀವೂ ಮಾಡಬಹುದು. ಪ್ರಾಣಕ್ಕೆ ಆ ಕ್ಷಣದ ಅಪಾಯವಿದ್ದರೆ ತುರ್ತು ಸಂಖ್ಯೆ 911.

ಬಂದೂಕು ಕೊಡಲು ಆ ವ್ಯಕ್ತಿ ಒಪ್ಪದಿದ್ದರೆ, ಅಥವಾ ಅದನ್ನು ತೋರಿಸಿ ಹೆಂಡತಿಯನ್ನು ಬೆದರಿಸುತ್ತಿದ್ದರೆ, ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ನ್ಯಾಯಾಲಯದ ದಾರಿಯಿದೆ. ಅಪಾಯಕಾರಿ ಸ್ಥಿತಿಯಲ್ಲಿರುವವರಿಂದ ತಾತ್ಕಾಲಿಕವಾಗಿ ಬಂದೂಕು ತೆಗೆದಿಡುವಂತೆ ನ್ಯಾಯಾಧೀಶರು ಆದೇಶ ಕೊಡಬಹುದು. 1999ರಲ್ಲಿ ಕನೆಕ್ಟಿಕಟ್ ಇದನ್ನು ಮೊದಲು ತಂದಿತು. ಮಿಷಿಗನ್‌ನಲ್ಲಿ ಮನೆಯವರೇ ಕೌಂಟಿಯ ಸರ್ಕಿಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಇದು ಕ್ರಿಮಿನಲ್ ದೂರಲ್ಲ. ನಮ್ಮ ಸೊಸೆಯಂದಿರಿಗೆ ಈ ದಾರಿ ಇದೆ ಎಂದೇ ಗೊತ್ತಿರುವುದಿಲ್ಲ, ಅದಕ್ಕಾಗಿ ಒತ್ತಿ ಹೇಳುತ್ತಿದ್ದೇನೆ.

ಹೆಜ್ಜೆ 7: ಶಾಲೆಯಿಂದ ಕರೆ ಬಂದರೆ

ಮಕ್ಕಳ ಕಿವಿಗೆ ನಮಗಿಂತ ಮೊದಲು ಸುದ್ದಿ ಬೀಳುತ್ತದೆ. "ಇಂಥವನು ಬಂದೂಕಿನ ಚಿತ್ರ ಹಾಕಿದ್ದಾನೆ", "ನಾಳೆ ಶಾಲೆಗೆ ಬರಬೇಡ ಎಂದ". ಅಂಥ ಮಾತು ಹೇಳುವುದು ಚಾಡಿಯಲ್ಲ ಎಂದು ಮಕ್ಕಳಿಗೆ ತಿಳಿಸಿ. ಹೆಸರು ಹೇಳದೆಯೂ ತಿಳಿಸಲು ಹಲವು ರಾಜ್ಯಗಳಲ್ಲಿ ವ್ಯವಸ್ಥೆಯಿದೆ, ಮಿಷಿಗನ್‌ನಲ್ಲಿ ಅದರ ಹೆಸರು ಓಕೆ2ಸೇ.

ಒಂದು ದಿನ ಕರೆ ನಿಮ್ಮ ಮಗುವಿನ ಬಗ್ಗೆಯೇ ಬರಬಹುದು. ಆಕ್ಸ್‌ಫರ್ಡಿನಲ್ಲಿ ಅಂದು ಬೆಳಿಗ್ಗೆ ಹುಡುಗ ಗಣಿತದ ಹಾಳೆಯ ಮೇಲೆ ಪಿಸ್ತೂಲಿನ ಚಿತ್ರ ಬರೆದು, ಸಹಾಯ ಬೇಡುವ ಸಾಲು ಗೀಚಿದ್ದನ್ನು ಶಿಕ್ಷಕಿ ಕಂಡರು. ತಂದೆತಾಯಿಯನ್ನು ಕರೆಸಿದರು. ಇಬ್ಬರೂ ಬಂದು ಆಪ್ತಸಮಾಲೋಚಕರ ಮುಂದೆ ಕೂತರು. ನಾಲ್ಕು ದಿನದ ಹಿಂದೆ ಪಿಸ್ತೂಲು ಕೊಂಡ ಸಂಗತಿಯನ್ನು ಹೇಳಲಿಲ್ಲ. ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಚೀಲವನ್ನು ಯಾರೂ ತೆರೆದು ನೋಡಲಿಲ್ಲ.

ಅಂಥ ಕರೆ ಬಂದ ದಿನ ಕೆಲಸ ಬಿಟ್ಟು ಹೋಗಿ. ಶಾಲೆಯವರಿಗೆ ನೀವು ಹೇಳುವ ಮೊದಲ ಮಾತೇ, ಮನೆಯಲ್ಲಿ ಬಂದೂಕು ಇದೆ ಅಥವಾ ಇಲ್ಲ ಎಂಬುದಾಗಿರಲಿ. ಮಗುವಿನ ಚೀಲವನ್ನು ಅವರೆದುರಿಗೇ ತೆರೆಯಿರಿ. ಮಗುವನ್ನು ಜೊತೆಗೆ ಕರೆದುಕೊಂಡು ಹೊರಡಿ. ಬಂದೂಕು ಇಟ್ಟ ಜಾಗವನ್ನು ತೆರೆದು ನೋಡಲು ಒಬ್ಬರನ್ನು ಆಗಲೇ ಮನೆಗೆ ಓಡಿಸಿ. ಆಕ್ಸ್‌ಫರ್ಡಿನ ತಂದೆ ಮನೆಗೆ ಹೋಗಿ ಹುಡುಕಿ, ಪಿಸ್ತೂಲು ಕಾಣೆಯಾಗಿದೆ ಎಂದು 911ಕ್ಕೆ ಕರೆ ಮಾಡಿದ್ದು ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ತಲುಪಿದ ಮೇಲೆ.